ಕೆಮ್ಮಿದರೆ ಮೂತ್ರ ಜಾರುತ್ತದೆಯೇ? ಕಾಸರಗೋಡಿನ ಈ ಫಿಸಿಯೋಥೆರಪಿ ಕ್ಲಿನಿಕ್‌ಗೆ ಹೋಗಿ

ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನಿಂದ ನಡೆದೇ ಹೋಗಬಹುದಾದ ಈ ಕ್ಲಿನಿಕ್‌ಗೆ ಹೆಚ್ಚಿನವರು ಬರುವುದು ಮಂಡಿನೋವು, ಸೊಂಟನೋವು ಅಂತ. ನಾನು ಹೋದದ್ದು ಬೇರೆ ಕಾರಣಕ್ಕೆ. ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ನನಗೆ ಮೂತ್ರ ಜಾರುತ್ತಿತ್ತು. ಹೆಂಗಸರ ಈ ತೊಂದರೆಗೆ ಅಂತಲೇ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಒಬ್ಬರು ಇಲ್ಲಿದ್ದಾರೆ. ನಮ್ಮ ಕಡೆಯ ಹೆಂಗಸರಿಗೆ ಇದು ಗೊತ್ತೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಈಗ 48. ಎರಡು ಹೆರಿಗೆ. ದೊಡ್ಡವನನ್ನು ಫೋರ್ಸೆಪ್ಸ್ ಹಾಕಿ ತೆಗೆದದ್ದು. ಆವಾಗಿನಿಂದಲೇ ಸ್ವಲ್ಪ ಇತ್ತು. ಮುಟ್ಟು ಏರುಪೇರಾಗಲು ಶುರುವಾದ ಮೇಲೆ ಜಾಸ್ತಿಯಾಯಿತು. ಪೆರ್ಲದಿಂದ ಉಕ್ಕಿನಡ್ಕ ದಾಟಿ ಬದಿಯಡ್ಕಕ್ಕೆ ಬರುವಾಗ ಬಸ್ಸು ಒಂದು ಹೊಂಡಕ್ಕೆ ಇಳಿದರೆ ಸಾಕಿತ್ತು. ಅಡಿಕೆ ಗೋಣಿ ಎತ್ತುವಾಗಲೂ ಅಷ್ಟೇ, ಬಾವಿಯಿಂದ ನೀರು ಸೇದುವಾಗಲೂ ಅಷ್ಟೇ. ಮದುವೆ ಹಾಲ್‌ಗೆ ಹೋದರೆ ಮೊದಲು ಕಣ್ಣು ಹೋಗುವುದು ಟಾಯ್ಲೆಟ್ ಎಲ್ಲಿದೆ ಅಂತ. ತಿಳಿ ಬಣ್ಣದ ಸೀರೆಗಳೆಲ್ಲ ಕಪಾಟಿನಲ್ಲೇ ಉಳಿದವು.

ಗಡಿಯಾಚೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹೇಳಿಕೊಂಡದ್ದಕ್ಕೆ, "ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ. ತೀರಾ ಕಷ್ಟವಾದರೆ ಆಪರೇಷನ್ ಮಾಡೋಣ" ಅಂದರು. ಇವೆರಡರ ನಡುವೆ ಏನೂ ಇಲ್ಲವಾ ಅಂತ ಕೇಳುವಷ್ಟರಲ್ಲಿ ಮುಂದಿನ ನಂಬರ್ ಕರೆದಾಗಿತ್ತು. ಈ ಕ್ಲಿನಿಕ್ಕಿನ ವಿಷಯ ಆಮೇಲೆ ತಿಳಿದದ್ದು ನಾದಿನಿಯಿಂದ.

ಫಿಸಿಯೋಥೆರಪಿಸ್ಟ್ ಮಂಜೇಶ್ವರ ಕಡೆಯವರು. ನನ್ನ ಹತ್ತಿರ ಕನ್ನಡ, ಮುಂದಿನವರ ಹತ್ತಿರ ಮಲಯಾಳ, ಅದರ ಮುಂದಿನವರ ಹತ್ತಿರ ತುಳು. ಇಂಥ ವಿಷಯವನ್ನು ನಮ್ಮದೇ ಮಾತಿನಲ್ಲಿ ಹೇಳಿಕೊಳ್ಳಲು ಆಗುವುದು ದೊಡ್ಡ ಸಮಾಧಾನ. ಬಾಗಿಲು ಹಾಕಿ, ಕುಳಿತುಕೊಳ್ಳಿ ಅಕ್ಕ ಅಂತ ಹೇಳಿ, ಮುಕ್ಕಾಲು ಗಂಟೆ ನನ್ನ ಮಾತನ್ನೇ ಕೇಳಿದರು. ಹೆರಿಗೆ ಹೇಗಾಯಿತು, ಮಲಬದ್ಧತೆ ಇದೆಯಾ, ಕೆಮ್ಮು ಹಳೆಯದಾ, ಎಷ್ಟು ಭಾರ ಎತ್ತುತ್ತೀರಿ, ಅವಸರವಾದಾಗ ತಡೆಯಲು ಆಗದೆ ಹೋಗುತ್ತದಾ ಅಥವಾ ಕೆಮ್ಮಿದಾಗ ಮಾತ್ರವಾ. ಈ ಕೊನೆಯ ಪ್ರಶ್ನೆ ಮುಖ್ಯವಂತೆ. ಎರಡೂ ಬೇರೆ ಬೇರೆ ತೊಂದರೆ, ಕಲಿಸುವುದೂ ಬೇರೆ. ಕೆಲವರಿಗೆ ಎರಡೂ ಇರುತ್ತದೆ. ಮೂರು ದಿನ ಏನು ಕುಡಿದೆ, ಯಾವಾಗ ಮೂತ್ರಕ್ಕೆ ಹೋದೆ, ಯಾವಾಗ ಜಾರಿತು ಅಂತ ಬರೆದು ತರಲು ಒಂದು ಹಾಳೆ ಕೊಟ್ಟರು.

ಆಮೇಲೆ ಪ್ಲಾಸ್ಟಿಕ್ಕಿನ ಸೊಂಟದ ಎಲುಬು ತಂದು ಮೇಜಿನ ಮೇಲಿಟ್ಟರು. ಮುಂದಿನ ಎಲುಬಿನಿಂದ ಹಿಂದಿನ ಬಾಲದ ಎಲುಬಿನವರೆಗೆ ಸ್ನಾಯುಗಳು ಜೋಲಿ ಕಟ್ಟಿದ ಹಾಗೆ ಹರಡಿಕೊಂಡಿವೆ. ಮೂತ್ರಕೋಶ, ಗರ್ಭಕೋಶ, ಮಲದ ದಾರಿ ಮೂರೂ ಅದರ ಮೇಲೆ ಕೂತಿರುವುದು. ಬಸುರಿನ ಭಾರಕ್ಕೆ, ಹೆರಿಗೆಯ ಎಳೆತಕ್ಕೆ ಅದು ಸಡಿಲಾಗುತ್ತದೆ. ಮುಟ್ಟು ನಿಲ್ಲುವ ಕಾಲಕ್ಕೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿಯುವುದರಿಂದ ಆ ಜಾಗದ ಚರ್ಮ ತೆಳುವಾಗುತ್ತದೆ, ಒಣಗುತ್ತದೆ, ಉರಿಮೂತ್ರವೂ ಮತ್ತೆ ಮತ್ತೆ ಬರಬಹುದು. ಇಪ್ಪತ್ತು ವರ್ಷದ ಹಿಂದಿನ ಹೆರಿಗೆಗೂ ಇವತ್ತಿನ ತೊಂದರೆಗೂ ಸಂಬಂಧ ಇದೆ ಅಂತ ನನಗೆ ಅಷ್ಟು ಚೆನ್ನಾಗಿ ಅರ್ಥವಾದದ್ದು ಅವತ್ತೇ.

ಪರೀಕ್ಷೆ ಮಾಡುವ ಮೊದಲು ಒಪ್ಪಿಗೆ ಕೇಳಿದರು. ಬೇಡ ಅಂದರೆ ಹೊರಗಿನಿಂದಲೇ ನೋಡುತ್ತೇನೆ, ಮಧ್ಯದಲ್ಲಿ ಸಾಕು ಅಂದರೂ ನಿಲ್ಲಿಸುತ್ತೇನೆ ಅಂದರು. ಗ್ಲೌಸ್ ಹಾಕಿ ಬೆರಳಿನಿಂದ ಒಳಗೆ ಪರೀಕ್ಷಿಸುತ್ತಾರೆ, ಸ್ನಾಯುವಿನ ಬಲಕ್ಕೆ 0ರಿಂದ 5ರ ವರೆಗೆ ನಂಬರ್ ಕೊಡುತ್ತಾರೆ. ನನಗೆ 2 ಬಂತು. ಬಿಗಿ ಮಾಡಿ ಅಂದಾಗ ನನ್ನ ತೊಡೆ, ಪೃಷ್ಠ, ಹೊಟ್ಟೆ ಎಲ್ಲ ಬಿಗಿಯಾಗುತ್ತಿತ್ತು, ಉಸಿರೂ ಕಟ್ಟುತ್ತಿತ್ತು. ಬೇಕಾದ ಸ್ನಾಯು ಮಾತ್ರ ಅಲ್ಲಾಡುತ್ತಿರಲಿಲ್ಲ. ಬಂದವರಲ್ಲಿ ತುಂಬ ಜನ ಹೀಗೇ ಮಾಡುತ್ತಾರಂತೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಮಾಡಿದರೆ ಇದನ್ನು ತಿದ್ದುವವರು ಯಾರು? ಕೊಟ್ಟ ಹಣ ಇಲ್ಲಿಗೇ ಸಾರ್ಥಕ.

ಅವರು ಹೇಳಿಕೊಟ್ಟದ್ದು ಇಷ್ಟು. ಜನರ ನಡುವೆ ಗಾಳಿ ಬಿಡದೆ ತಡೆದುಕೊಳ್ಳುತ್ತೇವಲ್ಲ, ಹಾಗೆ ಹಿಂದಿನಿಂದ ಶುರುಮಾಡಿ ಮುಂದಿನವರೆಗೆ ಒಳಕ್ಕೂ ಮೇಲಕ್ಕೂ ಎಳೆಯಬೇಕು. ಉಸಿರಾಡುತ್ತಲೇ ಇರಬೇಕು. ಆದಷ್ಟು ಎಣಿಕೆ ಹಿಡಿದು, ಪೂರ್ತಿ ಬಿಡಬೇಕು. ಬಿಡುವುದೂ ಹಿಡಿಯುವಷ್ಟೇ ಮುಖ್ಯ. ನಿಧಾನಕ್ಕೆ 10 ಎಣಿಸುವವರೆಗೆ ಹಿಡಿಯುವಷ್ಟಕ್ಕೆ ಬರಬೇಕು. ಆಮೇಲೆ ಪಟಪಟ ಅಂತ ಎಳೆದು ಬಿಡುವುದು ಕೆಲವು. ಒಂದು ಸರ್ತಿಗೆ 8ರಿಂದ 10, ದಿನಕ್ಕೆ 3 ಸರ್ತಿ, ಕಡಿಮೆಯೆಂದರೂ 3 ತಿಂಗಳು. ಮೂತ್ರ ಮಾಡುತ್ತಿರುವಾಗ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡಬಾರದು. 1948ರಲ್ಲಿ ಅಮೆರಿಕದ ಆರ್ನಾಲ್ಡ್ ಕೆಗೆಲ್ ಎಂಬ ಸ್ತ್ರೀರೋಗ ವೈದ್ಯರು ಬರೆದ ಮೇಲೆ ಈ ವ್ಯಾಯಾಮಕ್ಕೆ ಅವರ ಹೆಸರೇ ನಿಂತಿದೆ. ಅಷ್ಟು ಹಳೆಯ ವಿದ್ಯೆ ನಮ್ಮ ಬಾಣಂತಿ ಕೋಣೆಗೆ ಇನ್ನೂ ಬಂದಿಲ್ಲ ಅಂದರೆ ಬೇಜಾರಾಗುತ್ತದೆ.

ನನಗೆ ಎಲ್ಲಕ್ಕಿಂತ ಬೇಗ ಉಪಕಾರವಾದದ್ದು ಇನ್ನೊಂದು. ಕೆಮ್ಮು ಬರುತ್ತದೆ ಅನ್ನುವಾಗಲೇ, ಬರುವ ಮೊದಲು, ಒಳಗೆ ಬಿಗಿ ಹಿಡಿದುಕೊಳ್ಳುವುದು. ಗೋಣಿ ಎತ್ತುವ ಮೊದಲೂ ಹಾಗೆಯೇ. ಶುರುವಿನಲ್ಲಿ ನೆನಪು ಮಾಡಿಕೊಂಡು ಮಾಡಬೇಕಿತ್ತು, ಈಗ ತನ್ನಷ್ಟಕ್ಕೇ ಆಗುತ್ತದೆ. ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ, ಮೂತ್ರ ದಪ್ಪವಾಗಿ ಇನ್ನೂ ಅವಸರ ಮಾಡುತ್ತದೆ ಅಂತಲೂ ಹೇಳಿದರು. ಚಹಾ, ಕಾಫಿ ಕಡಿಮೆ ಮಾಡಲು ಹೇಳಿದ್ದಾರೆ. ಸಂಜೆಯ ಕಾಫಿ ಬಿಟ್ಟಿದ್ದೇನೆ, ಬೆಳಗಿನದು ಇದೆ.

ಬಾಣಂತನದ ಬಗ್ಗೆಯೂ ಮಾತು ಬಂತು. ನಮ್ಮಲ್ಲಿ ಎಣ್ಣೆ, ಬಿಸಿನೀರು, ಮದ್ದು ಎಲ್ಲ ಶ್ರದ್ಧೆಯಿಂದ ಮಾಡುತ್ತಾರೆ. ಅಮ್ಮ, ಅತ್ತೆ ನನಗೆ ಮಾಡಿದ ಆರೈಕೆಯನ್ನು ಮರೆಯುವ ಹಾಗಿಲ್ಲ. ಆದರೆ ಹೊಟ್ಟೆಗೆ ಸೀರೆಯನ್ನು ತೀರಾ ಬಿಗಿಯಾಗಿ ಸುತ್ತಿದರೆ ಒತ್ತಡವೆಲ್ಲ ಕೆಳಗೆ ಬೀಳುತ್ತದೆ, ಹಿತವಾಗಿ ಕಟ್ಟಿದರೆ ಸಾಕು ಅಂದರು. ಫ್ರಾನ್ಸಿನಲ್ಲಿ ಹೆರಿಗೆಯಾದವರಿಗೆ ಈ ಸ್ನಾಯುಗಳ ತರಬೇತಿಯನ್ನು ಸರಕಾರಿ ವಿಮೆಯಲ್ಲೇ ಕೊಡುತ್ತಾರೆ. ನಮ್ಮ ಕುಟುಂಬಾರೋಗ್ಯ ಕೇಂದ್ರಗಳಲ್ಲಿ ಮಗುವಿಗೆ ಚುಚ್ಚುಮದ್ದು ಹಾಕಿಸಲು ಬರುವ ತಾಯಂದಿರಿಗೆ ಐದು ನಿಮಿಷ ಇದನ್ನು ಹೇಳಿಕೊಡಬಾರದೇ? ಆಶಾ ಕಾರ್ಯಕರ್ತೆಯರಿಗೆ ಕಲಿಸಿದರೆ ಮನೆ ಮನೆಗೂ ಮುಟ್ಟುತ್ತದೆ.

ಇನ್ನು ಕ್ಲಿನಿಕ್ಕಿನ ಕೊರತೆಗಳು. ಕೌಂಟರಿನಲ್ಲಿ ಕೂತ ಹುಡುಗ ಎಲ್ಲರೆದುರು "ಏನು ತೊಂದರೆ" ಅಂತ ಜೋರಾಗಿ ಕೇಳುತ್ತಾನೆ. ಪಕ್ಕದಲ್ಲೇ ಮಂಡಿನೋವಿನ ಗಂಡಸರು ಕೂತಿರುತ್ತಾರೆ. ನನ್ನ ಎದುರೇ ಒಬ್ಬರು ಚಿಕ್ಕ ಪ್ರಾಯದ ಬಾಣಂತಿ "ಬೆನ್ನುನೋವು" ಅಂತ ಸುಮ್ನೆ ಬರೆಸಿದರು. ಒಂದು ಚೀಟಿ ಕೊಟ್ಟು ಬರೆಯಲು ಹೇಳಿದರೆ ಆಗದೇ? ಕ್ಲಿನಿಕ್ ಇರುವುದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಟಾಯ್ಲೆಟ್ ಮಾತ್ರ ಸ್ವಚ್ಛ, ಅದೂ ಹತ್ತಿರದಲ್ಲೇ. ವ್ಯಾಯಾಮದ ಹಾಳೆ ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇದೆ. ಅವರು ಅದರ ಹಿಂದೆ ಪೆನ್ನಿನಲ್ಲಿ ನನಗೋಸ್ಕರ ಕನ್ನಡದಲ್ಲಿ ಬರೆದುಕೊಟ್ಟರು. ಅದನ್ನು ಅಡುಗೆಮನೆ ಕಪಾಟಿನ ಬಾಗಿಲ ಒಳಗಡೆ ಅಂಟಿಸಿದ್ದೇನೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆಯಿಂದ ಕನ್ನಡದವರು ಎಷ್ಟೋ ಜನ ಬರುತ್ತಾರೆ. ಕನ್ನಡದಲ್ಲೂ ಅಚ್ಚು ಹಾಕಿಸಿ.

ಹತ್ತಿರದಲ್ಲೇ ಸಿಗುವುದು ಎಷ್ಟು ಮುಖ್ಯ ಅಂತ ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. 2020ರಲ್ಲಿ ಕೊರೋನಾ ಅಂತ ಕರ್ನಾಟಕದ ಕಡೆಗಿನ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದವರ ಪಾಡು ಏನಾಯಿತು ಅಂತ ಎಲ್ಲರೂ ನೋಡಿದ್ದೇವೆ. ಆಪರೇಷನ್ನಿಗೆ ದೂರ ಹೋಗಬಹುದು. ತಿಂಗಳುಗಟ್ಟಲೆ ಕಲಿಯುವ ವ್ಯಾಯಾಮಕ್ಕೆ ಹತ್ತಿರದಲ್ಲೇ ಯಾರಾದರೂ ಇರಬೇಕು.

ನನಗೆ ಪೂರ್ತಿ ಗುಣವಾಗಿದೆಯಾ ಅಂತ ಕೇಳಿದರೆ, ಇಲ್ಲ. ಜೋರು ಶೀತವಾದಾಗ ಈಗಲೂ ಒಂದೆರಡು ಹನಿ ಜಾರುತ್ತದೆ. ಆದರೆ ದಿನವೂ ಪ್ಯಾಡ್ ಇಡುವುದು ನಿಂತಿದೆ. ಹೋದ ತಿಂಗಳು ಅಕ್ಕನ ಮಗಳ ಮದುವೆಗೆ ತಿಳಿ ಹಳದಿ ಸೀರೆ ಉಟ್ಟು ಬೆಳಗಿನಿಂದ ಸಂಜೆವರೆಗೆ ಓಡಾಡಿದೆ.

ಮೊದಲ ಸಲ 500 ರೂಪಾಯಿ, ಆಮೇಲೆ ಸಲಕ್ಕೆ 300. ಫೋನ್ ಮಾಡಿ, "ಲೇಡಿ ಫಿಸಿಯೋ ಬೇಕು" ಅಂತ ಹೇಳಿಯೇ ಹೋಗಿ. ಮಧ್ಯಾಹ್ನದ ಮೇಲೆ ಹೋದರೆ ಗಲಾಟೆ ಕಡಿಮೆ. ಆದರೆ ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ, ಮೂತ್ರದಲ್ಲಿ ರಕ್ತ ಇದ್ದರೆ, ಜ್ವರದ ಜೊತೆ ಉರಿ ಇದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಬೇಕು. ಕೆಳಗೆ ಏನೋ ಗಂಟು ಇಳಿದ ಹಾಗೆ, ಭಾರ ಭಾರ ಅನಿಸುವವರು ಅದನ್ನು ಮೊದಲ ದಿನವೇ ಹೇಳಿ. ಗರ್ಭಕೋಶ ಜಾರಿದೆಯಾ ಅಂತ ನೋಡಿ, ಬೇಕಾದರೆ ಅವರೇ ಸ್ತ್ರೀರೋಗ ತಜ್ಞರಿಗೆ ಚೀಟಿ ಬರೆದುಕೊಡುತ್ತಾರೆ.