ಪುಲಿಕಾಟ್‌ಗೆ ಹೋಗುವವರೇ, ರಸ್ತೆ ಬಿಟ್ಟು ಕೆಳಗಿಳಿಯಬೇಡಿ

ಬೆಂಗಳೂರಿನಿಂದ ಆಂಧ್ರ-ತಮಿಳುನಾಡು ಗಡಿಯ ಪುಲಿಕಾಟ್ ಸರೋವರಕ್ಕೆ ವೀಕೆಂಡ್ ಟ್ರಿಪ್ ಅಂತ ಯಾರಾದರೂ ಕರೆದರೆ ಮೊದಲು ಒಂದು ಪ್ರಶ್ನೆ ಕೇಳಿ. ಗಾಡಿಯನ್ನು ಸರೋವರದ ಅಂಗಳಕ್ಕೆ ಇಳಿಸುತ್ತೀರಾ? ಹೌದು ಅಂದರೆ, ಅಥವಾ "ಅದೆಲ್ಲ ನಾವು ನೋಡ್ಕೊಳ್ತೀವಿ ಸಾರ್" ಅಂದರೆ, ದುಡ್ಡು ಕೊಡಬೇಡಿ. ನಾನು ಕೊಟ್ಟೆ. ತಲೆಗೆ ಆರೂವರೆ ಸಾವಿರ. ಆದರೆ ದುಡ್ಡು ಹೋಯಿತು ಅಂತ ಇದನ್ನು ಬರೆಯುತ್ತಿಲ್ಲ.

ಮಾರ್ಚ್ ತಿಂಗಳು. ಶುಕ್ರವಾರ ರಾತ್ರಿ ಕೆ.ಆರ್. ಪುರದಿಂದ ಎರಡು ಗಾಡಿಗಳಲ್ಲಿ ಒಂಬತ್ತು ಜನ ಹೊರಟು, ತಿರುಪತಿ, ಕಾಳಹಸ್ತಿ ದಾಟಿ ಬೆಳಗಿನ ಜಾವ ಸೂಳ್ಳೂರುಪೇಟೆ ಮುಟ್ಟಿದೆವು. ಮೊದಲು ಹತ್ತಿರದ ನೇಲಪಟ್ಟು ಪಕ್ಷಿಧಾಮ. ಅದು ನಿಜವಾಗಿಯೂ ಚೆನ್ನಾಗಿತ್ತು. ನೀರಲ್ಲೇ ನಿಂತ ಮರಗಳ ತುಂಬ ಹೆಜ್ಜಾರ್ಲೆ (ಪೆಲಿಕನ್) ಗೂಡುಗಳು. ಮರಿಗಳು ಅಮ್ಮನ ಗಂಟಲ ಚೀಲದೊಳಗೆ ತಲೆಯನ್ನೇ ತೂರಿಸಿ ಮೀನು ತಿನ್ನುತ್ತಿದ್ದವು. ವಾಚ್ ಟವರ್ ಮೇಲೆ ನಿಂತು ಇಡೀ ದಿನ ನೋಡಬಹುದಿತ್ತು. ಆದರೆ ನಮ್ಮನ್ನು ಕರೆದುಕೊಂಡು ಹೋದವನು ರಾಜಹಂಸಗಳನ್ನು (ಫ್ಲೆಮಿಂಗೊ) "ತುಂಬ ಹತ್ತಿರದಿಂದ" ತೋರಿಸುತ್ತೇನೆ ಅಂತ ಮಾತು ಕೊಟ್ಟಿದ್ದ.

ಸೂಳ್ಳೂರುಪೇಟೆಯಿಂದ ಶ್ರೀಹರಿಕೋಟಕ್ಕೆ ಹೋಗುವ ರಸ್ತೆ ಸರೋವರವನ್ನು ಸೀಳಿಕೊಂಡೇ ಹೋಗುತ್ತದೆ. ರಸ್ತೆ ಬದಿಯಲ್ಲಿ ನಿಂತರೆ ಸಾಕು, ಬೈನಾಕ್ಯುಲರ್‌ನಲ್ಲಿ ರಾಜಹಂಸಗಳು ಸೊಗಸಾಗಿ ಕಾಣುತ್ತವೆ. ಸಮುದ್ರದ ಉಪ್ಪುನೀರು ಸೇರುವ ಈ ಸರೋವರ ಅಗಲವೇ ಹೊರತು ಆಳವಿಲ್ಲ, ಸರಾಸರಿ ಒಂದು ಮೀಟರ್ ಅಷ್ಟೇ, ಹಾಗಾಗಿ ಬಿಸಿಲು ಏರಿದಂತೆ ನೀರು ಹಿಂದೆ ಸರಿದು ಕಣ್ಣು ಹಾಯುವಷ್ಟು ದೂರ ಒಣ ಅಂಗಳ ಬಿಟ್ಟುಕೊಳ್ಳುತ್ತದೆ. ಮೇಲೆ ಬಿರುಕು ಬಿಟ್ಟ ಬಿಳಿ ಪದರ. ನೋಡಿದರೆ ಕ್ರಿಕೆಟ್ ಮೈದಾನ. ಕೆಳಗೆ ಪೂರ್ತಿ ಹುದುಲು.

ಗಾಡಿ ಇಳಿಸಿದರು. ರಾಜಹಂಸಗಳು ನಾವು ಅರ್ಧ ದಾರಿಯಲ್ಲಿರುವಾಗಲೇ ಎದ್ದು ಹೋದವು. ಇನ್ನೂರು ಮೀಟರ್ ದಾಟುವಷ್ಟರಲ್ಲಿ ಮುಂದಿನ ಚಕ್ರ ಆಕ್ಸಲ್‌ವರೆಗೆ ಹೂತಿತು. ಹತ್ತೂವರೆಗೆ ಸಿಕ್ಕಿಕೊಂಡವರು ಬಿಡಿಸಿಕೊಂಡಾಗ ಎರಡು ಗಂಟೆ. ಜಾಕ್ ಇಟ್ಟರೆ ಜಾಕೇ ಮುಳುಗುತ್ತಿತ್ತು. ನೆರಳಿಲ್ಲ, ನೀರಿನ ಬಾಟಲಿ ಖಾಲಿ, ನಮ್ಮ ಜೊತೆ ಬಂದಿದ್ದ ಹಿರಿಯರೊಬ್ಬರಿಗೆ ತಲೆ ಸುತ್ತು ಬಂತು.

ಅಷ್ಟು ಹೊತ್ತೂ ಒಂದು ಜೋಡಿ ಟಿಟ್ಟಿಭ ಹಕ್ಕಿ (ಲ್ಯಾಪ್‌ವಿಂಗ್) ನಮ್ಮ ತಲೆ ಮೇಲೆ ಸುತ್ತುತ್ತಾ ಕೂಗುತ್ತಿತ್ತು. ಕೆಳಗೆ ಬಂದು ನೆಲಕ್ಕೆ ತಾಗುವ ಹಾಗೆ ಹಾರಿ, ಮತ್ತೆ ಮೇಲೇರಿ, ಮತ್ತೆ ಕೂಗು. ಯಾರೋ ಒಬ್ಬರು ವಿಡಿಯೋ ಕೂಡ ಮಾಡಿಕೊಂಡರು. ಯಾಕೆ ಕೂಗುತ್ತಿದೆ ಅಂತ ಒಬ್ಬರಾದರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಕೊನೆಗೆ ಟ್ರಾಕ್ಟರ್ ತಂದ ಊರಿನವರು ಇಳಿದ ತಕ್ಷಣ ನೆಲ ನೋಡಿ "ಗುಡ್ಲು, ಗುಡ್ಲು" ಅಂತ ಬೈದರು. ತೆಲುಗಿನಲ್ಲಿ ಮೊಟ್ಟೆಗಳು. ಚಕ್ರಕ್ಕೆ ಹಿಡಿತ ಸಿಗಲಿ ಅಂತ ಕಾರಿನ ಮ್ಯಾಟ್‌ಗಳನ್ನು ತೆಗೆದು ಅಲ್ಲಿಲ್ಲಿ ಎಸೆದಿದ್ದೆವು. ಒಂದು ಮ್ಯಾಟ್ ಎತ್ತಿದರೆ ಅದರ ಕೆಳಗೇ ಗೂಡು. ಗೂಡು ಅಂದರೆ ಅಂಗೈಯಗಲದ ಗುಳಿ, ಸುತ್ತ ನಾಲ್ಕು ಕಪ್ಪೆಚಿಪ್ಪಿನ ಚೂರು. ನಾಲ್ಕು ಮೊಟ್ಟೆ, ಚೂಪು ತುದಿ ಒಳಗೆ ಮಾಡಿಟ್ಟಿದ್ದವು, ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಚುಕ್ಕೆ. ಎರಡು ಒಡೆದಿದ್ದವು. ಒಂದರೊಳಗೆ ಕಣ್ಣು ಮೂಡಿದ ಮರಿ ಕಾಣುತ್ತಿತ್ತು. ಆ ಮ್ಯಾಟ್ ಎಸೆದದ್ದು ನಾನೇ.

ಬಿಸಿಲು ಜಾಸ್ತಿಯಾದಾಗ ಈ ಹಕ್ಕಿ ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ ಅಂತ ಆಮೇಲೆ ಓದಿದೆ. ಮೂರೂವರೆ ಗಂಟೆ ಅದನ್ನು ಹತ್ತಿರಕ್ಕೇ ಬಿಡಲಿಲ್ಲ ನಾವು. ಉಳಿದ ಎರಡು ಮೊಟ್ಟೆ ಮುಟ್ಟಿದರೆ ಸುಡುವಷ್ಟು ಬಿಸಿಯಾಗಿದ್ದವು.

ನಾವು ಬೆಂಗಳೂರಿನವರು ಮೋಸ ಹೋಗುವುದು ಎಲ್ಲಿ ಅಂದರೆ, ಕೊಕ್ಕರೆ ಬೆಳ್ಳೂರಿನಲ್ಲಿ ಮನೆ ಹಿತ್ತಲ ಮರದ ಮೇಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುವುದನ್ನು ನೋಡಿ, ಹಕ್ಕಿಗಳಿಗೆ ಜನ ಅಂದರೆ ಭಯವಿಲ್ಲ ಅಂದುಕೊಂಡುಬಿಡುತ್ತೇವೆ. ಅಲ್ಲಿ ತಲೆಮಾರುಗಳಿಂದ ಊರವರು ಕಾಪಾಡಿದ್ದಾರೆ, ಗೂಡೂ ಎತ್ತರದಲ್ಲಿದೆ. ಇಲ್ಲಿ ಗೂಡು ನಿಮ್ಮ ಕಾಲ ಕೆಳಗೇ ಇರುತ್ತದೆ. ರಾಜಹಂಸ ಇಲ್ಲಿ ಮೇಯಲು ಬರುವುದು, ಮೊಟ್ಟೆ ಇಡಲು ಕಛ್‌ನ ರಣ್‌ನಂಥ ಕಡೆ ಹೋಗುತ್ತದೆ. ಹಾಗಾಗಿ ಟ್ರಿಪ್‌ನವರು "ಇಲ್ಲಿ ಮರಿ ಮಾಡಲ್ಲ, ಓಡಿಸಿದರೆ ಏನಾಯ್ತು" ಅನ್ನುತ್ತಾರೆ. ಟಿಟ್ಟಿಭದಂಥ ಸಣ್ಣ ಹಕ್ಕಿಗಳು ಅದೇ ಅಂಗಳದಲ್ಲಿ ಮೊಟ್ಟೆ ಇಟ್ಟಿರುತ್ತವೆ, ಅವು ಯಾರ ಲೆಕ್ಕಕ್ಕೂ ಬರಲ್ಲ.

ದೋಣಿ ಸವಾರಿ ಆಸೆಯನ್ನೂ ತೋರಿಸುತ್ತಾರೆ. 2011ರ ಕ್ರಿಸ್‌ಮಸ್ ದಿನ ಇದೇ ಸರೋವರದ ತಮಿಳುನಾಡು ಕಡೆ ದೋಣಿ ಮಗುಚಿ 22 ಜನ ಸತ್ತರು. ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಲೇಬೇಡಿ.

ಹೋಗಲೇಬೇಕು ಅಂದರೆ ಬೆಳಿಗ್ಗೆ ಬೇಗ ನೇಲಪಟ್ಟುವಿಗೆ ಹೋಗಿ. ಆಮೇಲೆ ಶ್ರೀಹರಿಕೋಟ ರಸ್ತೆಯಲ್ಲೇ ನಿಂತು ನೋಡಿ. ಟಾರು ಬಿಟ್ಟು ಒಂದು ಹೆಜ್ಜೆಯೂ ಬೇಡ. ತಲೆ ಮೇಲೆ ಹಕ್ಕಿ ಸುತ್ತುತ್ತಾ ಕೂಗುತ್ತಿದ್ದರೆ, ಅಲ್ಲೇ ನಿಂತು ಕೆಳಗೆ ನೋಡಿಕೊಂಡು ಬಂದ ಹೆಜ್ಜೆಯಲ್ಲೇ ವಾಪಸ್ ಹೋಗಿ.

ವಾಪಸ್ ಬರುವಾಗ ಆ ಟ್ರಿಪ್‌ನವನಿಗೆ ಮೊಟ್ಟೆಯ ಫೋಟೋ ತೋರಿಸಿ ಮಾತಾಡಿದೆ. "ಒಂದು ಹಕ್ಕಿ ತಾನೇ ಸಾರ್" ಅಂದ. ನಿನ್ನೆ ಅವನ ಮೆಸೇಜ್ ಬಂದಿದೆ, ಮುಂದಿನ ಶನಿವಾರ ಅದೇ ಜಾಗ, ಇನ್ನು ನಾಲ್ಕು ಸೀಟು ಖಾಲಿ ಇದೆಯಂತೆ.