ಕರುಣಾಶ್ರಯದ ಮನೆ ಆರೈಕೆ: ನಮ್ಮ ಮಾವನವರ ಕೊನೆಯ ತಿಂಗಳುಗಳಲ್ಲಿ ದೊರೆತ ನೆರವು

ನಮ್ಮ ಮಾವನವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದೆಯೆಂದು ಗೊತ್ತಾಗುವ ಹೊತ್ತಿಗೆ ಅದು ಯಕೃತ್ತಿಗೂ ಹರಡಿತ್ತು. ಇನ್ನೆಷ್ಟು ಕಾಲ ಇರುತ್ತಾರೆ ಎಂದು ಕೇಳಿದಾಗ ಆಸ್ಪತ್ರೆಯೊಂದರಲ್ಲಿ "ಆರು ತಿಂಗಳು" ಎಂದಷ್ಟೇ ಹೇಳಿ ಕಳುಹಿಸಿದ್ದರು. ಆ ಮಾತನ್ನು ಹೇಗೆ ಗ್ರಹಿಸಬೇಕೆಂದು ಮನೆಗೇ ಬಂದು, ಸಮಾಧಾನದಿಂದ ವಿವರಿಸಿದವರು, ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಆರೈಕೆ ಮಾಡುವ ಬೆಂಗಳೂರಿನ ಸಂಸ್ಥೆ ಕರುಣಾಶ್ರಯದ ವೈದ್ಯೆ.

ಇಂಥ ಅಂಕಿಯ ಆಚೆಗೆ ಅರ್ಧದಷ್ಟು ರೋಗಿಗಳು ಬದುಕಿರುತ್ತಾರೆ, ಉಳಿದರ್ಧ ಅಷ್ಟರೊಳಗೇ ತೀರಿಕೊಂಡಿರುತ್ತಾರೆ. ಅದು ಯಾರಿಗೂ ಕೊಟ್ಟ ಗಡುವಲ್ಲ. 2011ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದರಲ್ಲಿ ಜೆಮ್‌ಸೈಟಬೀನ್ ಎಂಬ ಒಂದೇ ಕೀಮೋ ಔಷಧ ಪಡೆದವರಿಗೆ ಈ ಅಂಕಿ 6.8 ತಿಂಗಳು, ಫಾಲ್ಫಿರಿನಾಕ್ಸ್ ಎಂಬ ಹಲವು ಔಷಧಗಳ ಕೀಮೋ ಪಡೆದವರಿಗೆ 11.1 ತಿಂಗಳು. ಆದರೆ ಅಲ್ಲಿದ್ದವರು 75 ವರ್ಷ ಮೀರದ, ಓಡಾಡಿಕೊಂಡಿದ್ದ ರೋಗಿಗಳು. ದಿನದ ಬಹುಪಾಲು ಹಾಸಿಗೆಯಲ್ಲೇ ಕಳೆಯುತ್ತಿದ್ದ ನಮ್ಮ ಹಿರಿಯರಿಗೆ ಆ 11 ತಿಂಗಳ ಲೆಕ್ಕ ಹೊಂದುವುದಿಲ್ಲವೆಂದು ವೈದ್ಯೆ ಮುಚ್ಚುಮರೆಯಿಲ್ಲದೆ ತಿಳಿಸಿದರು. ಈ ನೇರ ಮಾತಿನಿಂದಲೇ ಮಾವನವರು ಕೀಮೋ ಬೇಡವೆಂದು ತಾವೇ ತೀರ್ಮಾನಿಸಿ, ಜಮೀನಿನ ಪತ್ರಗಳನ್ನು ಸರಿಪಡಿಸಿ, ತಂಗಿಯನ್ನು ಊರಿನಿಂದ ಕರೆಸಿಕೊಂಡರು.

ಆರೈಕೆಯ ಸೂಕ್ಷ್ಮತೆಯನ್ನಂತೂ ನಾನು ಮರೆಯಲಾರೆ. ಮಾವನವರು ಮಡಿಲಲ್ಲಿ ದಿಂಬು ಇಟ್ಟುಕೊಂಡು ಮುಂದಕ್ಕೆ ಬಾಗಿಯೇ ಕೂರುವುದನ್ನು ಕಂಡ ನರ್ಸ್, ಹೊಟ್ಟೆಯಿಂದ ಬೆನ್ನಿಗೆ ಹಾಯುವ ನೋವು ಆ ಭಂಗಿಯಲ್ಲಿ ಕಡಿಮೆಯಾಗುತ್ತದೆಂದು ಹೇಳಿ, ಕೂಡಲೇ ವೈದ್ಯರಿಗೆ ತಿಳಿಸಿದರು. ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆ, ಅದರಿಂದಾಗುವ ಮಲಬದ್ಧತೆಗೆ ಬೇರೆ ಔಷಧ ಶುರುವಾದವು. ಮಲ ಜಿಡ್ಡಾಗಿ ತೇಲುತ್ತಿದೆ ಎಂದಾಗ, ಕೊಬ್ಬು ಜೀರ್ಣವಾಗುತ್ತಿಲ್ಲವೆಂದು ಗುರುತಿಸಿ ಊಟದ ಜೊತೆಗೇ ನುಂಗುವ ಕಿಣ್ವದ ಕ್ಯಾಪ್ಸೂಲ್ ಬರೆದುಕೊಟ್ಟರು. ಆ ಬಳಿಕ ಅವರಿಗೆ ಮೊಸರನ್ನ ಸೇರತೊಡಗಿತು.

1994ರಲ್ಲಿ ಆರಂಭವಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ನಡೆಸುವ ಈ ಸೇವೆಗೆ ಶುಲ್ಕವಿಲ್ಲ. ತಂಡದವರು ಬಂದು ನೋಡಿ ಹೋಗುತ್ತಾರೆಯೇ ಹೊರತು ಹಗಲಿರುಳೂ ಮನೆಯಲ್ಲಿ ಉಳಿಯುವುದಿಲ್ಲವಾದ್ದರಿಂದ, ರಾತ್ರಿ ಎಚ್ಚರವಿರಲು ಮನೆಯವರು ಸರದಿ ಮಾಡಿಕೊಳ್ಳಲೇಬೇಕು. ಮನೆಯಲ್ಲಿ ನಿಭಾಯಿಸಲಾಗದಿದ್ದರೆ ಸೇರಿಸಿಕೊಳ್ಳಲು ಮಾರತಹಳ್ಳಿಯ ಬಳಿ ಅವರದೇ ಕೇಂದ್ರವಿದೆ. ಕಾಯಿಲೆ ಹರಡಿದೆಯೆಂದು ತಿಳಿದ ಕೂಡಲೇ, ಬಯಾಪ್ಸಿ ಮತ್ತು ಸ್ಕ್ಯಾನ್ ವರದಿಗಳನ್ನು ಕೈಯಲ್ಲಿಟ್ಟುಕೊಂಡು ಅವರನ್ನು ವಿಚಾರಿಸಿ. ನೋವು ಉಲ್ಬಣಿಸುವವರೆಗೆ ಕಾಯಬೇಡಿ.