ಮೂರು ಟ್ಯಾಂಕ್ ಬಳಸಿದೆ, ಎರಡು ಉಳಿಸಿಕೊಂಡೆ

ಸಿಗರೇಟು ಬಿಡಬೇಕು ಅಂತ ವೇಪ್ (ಇ-ಸಿಗರೇಟು) ಹಿಡಿದವನು ನಾನು. ಅದರಲ್ಲಿ ಲಿಕ್ವಿಡ್ ತುಂಬುವ, ಅದನ್ನು ಕಾಯಿಸುವ ತಂತಿ ಸುರುಳಿ (ಕಾಯಿಲ್) ಕೂತಿರುವ ಭಾಗವೇ ಟ್ಯಾಂಕ್. ಇದುವರೆಗೆ ಸಿಗರೇಟೇ ಮುಟ್ಟದವರು ಇಲ್ಲಿಗೇ ನಿಲ್ಲಿಸಿದರೆ ಒಳ್ಳೆಯದು, ನಿಕೋಟಿನ್ ಚಟವನ್ನು ಸುಮ್ನೆ ಹೊಸದಾಗಿ ಅಂಟಿಸಿಕೊಳ್ಳಬೇಡಿ.

ಮೊದಲು ಕೊಂಡಿದ್ದು ಸಬ್-ಓಮ್ ಟ್ಯಾಂಕ್, ಅಂದರೆ ಕಾಯಿಲ್‌ನ ರೋಧ ಒಂದು ಓಮ್‌ಗಿಂತ ಕಡಿಮೆ ಇರುವುದು. ದೊಡ್ಡ ಮೋಡ ಬಿಡೋದು ನೋಡಿ ಮರುಳಾಗಿದ್ದೆ, ಅಷ್ಟೇ. ಕಾಯಿಲ್ 0.2 ಓಮ್, ಓಡೋದು 50–60 ವ್ಯಾಟ್‌ನಲ್ಲಿ. ಅದನ್ನು ನೇರವಾಗಿ ಎದೆಗೇ ಎಳೆಯಬೇಕು. ನಾನು ಸಿಗರೇಟಿನ ಹಾಗೆ ಬಾಯಿಗೆ ದಮ್ಮು ತುಂಬಿಕೊಂಡು ಆಮೇಲೆ ಒಳಗೆ ತೆಗೆದುಕೊಳ್ಳಲು ಹೋದೆ, ಅದೂ ಮಿಲಿಲೀಟರಿಗೆ 12 ಮಿಲಿಗ್ರಾಂ ನಿಕೋಟಿನ್ ಇದ್ದ ತೆಳು ಲಿಕ್ವಿಡ್ ಹಾಕಿಕೊಂಡು. ಕೆಮ್ಮು ಬಂತು, ತಲೆ ಸುತ್ತಿತು, ಸಾಲದ್ದಕ್ಕೆ ಜೇಬೆಲ್ಲ ಒದ್ದೆ. ತಪ್ಪು ಟ್ಯಾಂಕಿನದಲ್ಲ. ಇದರ ಕಾಯಿಲ್‌ನಲ್ಲಿ ಹತ್ತಿಗೆ ಲಿಕ್ವಿಡ್ ಹೋಗುವ ತೂತುಗಳು ದೊಡ್ಡವು, ನೂರಕ್ಕೆ 70 ಪಾಲು ವಿಜಿ (ಗ್ಲಿಸರಿನ್) ಇರುವ ದಪ್ಪ ಲಿಕ್ವಿಡ್‌ಗೆ ಮಾಡಿದವು. ತೆಳ್ಳಗಿನದು ಹಾಕಿದರೆ ಸೋರದೆ ಇನ್ನೇನು? 3 ಮಿಲಿಗ್ರಾಂನ ದಪ್ಪ ಲಿಕ್ವಿಡ್ ಹಾಕಿದ ಮೇಲೆ ರುಚಿ ಚೆನ್ನಾಗಿಯೇ ಬಂತು, ಆದರೆ ನೀರು ಕುಡಿದ ಹಾಗೆ ಲಿಕ್ವಿಡ್ ಕುಡಿಯುತ್ತದೆ, ಬ್ಯಾಟರಿಯೂ ಬೇಗ ಖಾಲಿ.

ಎರಡನೆಯದು ಎಂಟಿಎಲ್, ಬಾಯಿಗೆ ಎಳೆದು ಆಮೇಲೆ ಒಳಗೆ ತೆಗೆದುಕೊಳ್ಳುವ ಬಗೆ. ಹೊಸಬರಿಗೆ ನಾನು ಹೇಳೋದು ಇದೇ. 1.2 ಓಮ್ ಕಾಯಿಲ್, 12 ವ್ಯಾಟ್, ವಿಜಿ ಮತ್ತು ಪಿಜಿ (ಪ್ರೊಪಿಲೀನ್ ಗ್ಲೈಕಾಲ್, ತೆಳು ದ್ರವ) ಅರ್ಧ ಅರ್ಧ ಇರುವ ಲಿಕ್ವಿಡ್. ಎಳೆತ ಬಿಗಿ, ಹೆಚ್ಚುಕಡಿಮೆ ಸಿಗರೇಟಿನದೇ. ಒಂದೇ ಒಂದು ವಿಷಯಕ್ಕೆ ತಾಳ್ಮೆ ಬೇಕು. ಹೊಸ ಕಾಯಿಲ್‌ನ ಹತ್ತಿಗೆ ನಾಲ್ಕು ಹನಿ ಹಾಕಿ, ಟ್ಯಾಂಕ್ ತುಂಬಿಸಿ, ಐದು-ಹತ್ತು ನಿಮಿಷ ಕಾಯಬೇಕು. ನಾನು ಅವಸರಪಟ್ಟು ಒಂದು ಕಾಯಿಲ್ ಮೊದಲ ದಮ್ಮಿಗೇ ಸುಟ್ಟೆ. ಸುಟ್ಟ ಹತ್ತಿಯ ಆ ಕಮಟು ಏನು ಮಾಡಿದರೂ ಹೋಗಲ್ಲ, ಬಿಸಾಡೋದೇ ದಾರಿ.

ಕೊಳ್ಳುವಾಗ ಗಾಳಿಯ ತೂತು ಎಲ್ಲಿದೆ ನೋಡಿ. ಕೆಳಗಿದ್ದರೆ ಗಾಳಿ ಸೀದಾ ಕಾಯಿಲ್‌ಗೆ ತಾಗಿ ರುಚಿ ಚೂರು ಜಾಸ್ತಿ, ಸೋರಿದರೆ ಮಾತ್ರ ಕೈಯೆಲ್ಲ ಅಂಟು. ಮೇಲಿದ್ದರೆ ಆ ಕಾಟ ಬಹಳ ಕಡಿಮೆ. ಜೇಬಿನಲ್ಲಿಟ್ಟು ಓಡಾಡುವವರಿಗೆ ಮೇಲಿನದೇ ಸರಿ.

ಮೂರನೆಯದು ಆರ್‌ಟಿಎ, ಕಾಯಿಲ್ ನಾವೇ ಸುತ್ತಿ ಕೂರಿಸುವಂಥದ್ದು. ಇದು ಹವ್ಯಾಸ ಇದ್ದವರ ಆಟ, ನನಗೆ ಹುಚ್ಚು ಹಿಡಿಸಿದ್ದೂ ಇದೇ. 28 ಗೇಜ್ ಕಾಂಥಾಲ್ (ಕಾಯಿಸಲು ಬಳಸುವ ಮಿಶ್ರಲೋಹ) ತಂತಿಯನ್ನು 2.5 ಮಿಲಿಮೀಟರ್ ಕಡ್ಡಿಗೆ ಆರು ಸುತ್ತು ಸುತ್ತಿದರೆ ಸುಮಾರು 1.1 ಓಮ್ ಬರುತ್ತದೆ. ಸಣ್ಣಗೆ ಕಾಯಿಸಿ ನೋಡಿದಾಗ ಕೆಂಪು ನಡುವಿನಿಂದ ಹೊರಕ್ಕೆ ಒಂದೇ ಸಮ ಹರಡಬೇಕು, ಒಂದು ಕಡೆ ಮಾತ್ರ ಉರಿದರೆ ತಣ್ಣಗಾದ ಮೇಲೆ ಇಕ್ಕಳದಲ್ಲಿ ಹಿಸುಕಿ ಸರಿಮಾಡಬೇಕು. ನಿಜವಾದ ಪರೀಕ್ಷೆ ಇರೋದು ಹತ್ತಿಯಲ್ಲಿ. ಜಾಸ್ತಿ ತುರುಕಿದರೆ ಲಿಕ್ವಿಡ್ ಏರದೆ ಗಂಟಲು ಸುಡುತ್ತದೆ, ಕಮ್ಮಿಯಾದರೆ ಸೋರುತ್ತದೆ. ನನಗೆ ಹದ ಸಿಕ್ಕಿದ್ದು ಏಳನೇ ಸಲ. ಒಮ್ಮೆ ಸಿಕ್ಕಿತು ಅಂದರೆ ಹತ್ತಿ ಮಾತ್ರ ಬದಲಿಸಿ ಅದೇ ತಂತಿಯನ್ನು ವಾರಗಟ್ಟಲೆ ಓಡಿಸಬಹುದು, ರೆಡಿಮೇಡ್ ಕಾಯಿಲ್‌ಗೆ ಸುರಿಯುವ ದುಡ್ಡೂ ಉಳಿಯುತ್ತದೆ.

ಒಂದು ಎಚ್ಚರಿಕೆ. ಓಮ್ ಅಳೆಯದೆ ಗುಂಡಿ ಒತ್ತಬೇಡಿ. ಯಾವ ರಕ್ಷಣಾ ಸರ್ಕ್ಯೂಟೂ ಇಲ್ಲದ ಸಾಧನದಲ್ಲಿ ತುಂಬಿದ ಬ್ಯಾಟರಿ 4.2 ವೋಲ್ಟ್, ಕಾಯಿಲ್ 0.2 ಓಮ್ ಅಂದರೆ 21 ಆಂಪಿಯರ್ ಹರಿಯುತ್ತದೆ. ಎಷ್ಟೋ ಬ್ಯಾಟರಿಗಳು ಅಷ್ಟನ್ನು ತಡೆಯುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಲಿಕ್ವಿಡ್ ಬಾಟಲಿ ಬೀಗದೊಳಗೇ ಇರಲಿ, ನಿಕೋಟಿನ್ ವಿಷ.

ಈಗ ಹೊರಗೆ ಹೊರಟಾಗ ಎಂಟಿಎಲ್, ರಾತ್ರಿ ಮೇಜಿನ ಮುಂದೆ ಕೂತಾಗ ಆರ್‌ಟಿಎ. ಸಬ್-ಓಮನ್ನು ಮೋಡ ಬಿಡುವ ಹುಚ್ಚಿದ್ದ ಗೆಳೆಯನಿಗೆ ಕೊಟ್ಟೆ, ಅವನು ಖುಷಿಯಾಗಿದ್ದಾನೆ.